ಎಣ್ಣೆಯಲ್ಲಿ ಓಡುವ ಬೆಲ್ಟ್: ಒಂದು ಲೀಟರ್ ಇಕೊಬೂಸ್ಟ್ ಎಂಜಿನ್ ಕೈಕೊಡುವುದು ಎಲ್ಲಿ?

ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇರುವ ಹಳೆಯ ಪೆಟ್ರೋಲ್ ಕಾರು ನೋಡಲು ಹೋದವರು ಮೊದಲು ಕೇಳುವುದು ‘ಟರ್ಬೊ ಚೆನ್ನಾಗಿದೆಯಾ?’ ಎಂದು. ಫೋರ್ಡ್‌ನ ಒಂದು ಲೀಟರ್ ಇಕೊಬೂಸ್ಟ್ ಎಂಜಿನ್ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ‘ಇಲ್ಲಿಯವರೆಗೆ ಯಾವ ಆಯಿಲ್ ಹಾಕಿಸಿದ್ದೀರಿ, ಬಿಲ್ ಇದೆಯಾ?’ ಎಂಬುದು ಮೊದಲನೆಯದು. ಈ ಎಂಜಿನ್ನಿನಲ್ಲಿ ಆಯಿಲ್ ಎಂದರೆ ಬರೀ ಜಾರುವಿಕೆಗೆ ಹಾಕುವ ದ್ರವವಲ್ಲ. ಬೆಲ್ಟ್, ಪಿಸ್ಟನ್‌ಗಳಂತೆ ಅದೂ ಒಂದು ಬಿಡಿಭಾಗ. ತಪ್ಪು ಬಿಡಿಭಾಗ ಹಾಕಿದರೆ ಏನಾಗುತ್ತದೋ, ತಪ್ಪು ಆಯಿಲ್ ಹಾಕಿದರೂ ಅದೇ ಆಗುತ್ತದೆ.

ಯುರೋಪಿನಲ್ಲಿ 2012ರಲ್ಲಿ ಫೋಕಸ್ ಕಾರಿನೊಂದಿಗೆ ಬಂದ ಈ ಎಂಜಿನ್ 2012, 2013, 2014 ಮೂರೂ ವರ್ಷ ‘ವರ್ಷದ ಅಂತರರಾಷ್ಟ್ರೀಯ ಎಂಜಿನ್’ ಪ್ರಶಸ್ತಿ ಗೆದ್ದಿತು. ಭಾರತಕ್ಕೆ 2013ರಲ್ಲಿ ಇಕೊಸ್ಪೋರ್ಟ್ ಮೂಲಕ ಬಂತು. ಮೂರು ಸಿಲಿಂಡರ್, ಪ್ರತಿಯೊಂದರ ವ್ಯಾಸ 71.9 ಮಿ.ಮೀ., ಪಿಸ್ಟನ್ ಓಡಾಟ 82 ಮಿ.ಮೀ., ಒಟ್ಟು 999 ಸಿಸಿ. ನಮ್ಮಲ್ಲಿ ಮಾರಿದ ಆವೃತ್ತಿಯ ಶಕ್ತಿ 125 ಪಿಎಸ್, ಟಾರ್ಕ್ (ತಿರುಗಿಸುವ ಬಲ) 170 ನ್ಯೂಟನ್ ಮೀಟರ್. ಆ ಪೂರ್ತಿ ಟಾರ್ಕ್ 1,400 ಆರ್‌ಪಿಎಂಗೇ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಿಗುತ್ತದೆ, 4,500ರವರೆಗೂ ಇಳಿಯುವುದಿಲ್ಲ. ಟರ್ಬೊ ಇಲ್ಲದ 1.6 ಲೀಟರ್ ಎಂಜಿನ್ ಮಾಡುತ್ತಿದ್ದ ಕೆಲಸ ಇದು. ಅದನ್ನು ಒಂದು ಎ4 ಹಾಳೆಯಷ್ಟು ಜಾಗದಲ್ಲಿ ಕೂರುವ ಬ್ಲಾಕ್ ಮಾಡುತ್ತದೆ.

ಒಳಗಿನ ಜಾಣ್ಮೆಯೂ ಕಡಿಮೆಯದಲ್ಲ. ಮೂರು ಸಿಲಿಂಡರ್ ಎಂಜಿನ್ ಸ್ವಭಾವತಃ ನಡುಗುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಹಾಕುವ ಬ್ಯಾಲೆನ್ಸ್ ಶಾಫ್ಟ್ ಇಲ್ಲಿಲ್ಲ. ಬದಲಿಗೆ ಫ್ಲೈವೀಲ್ ಮತ್ತು ಮುಂದಿನ ಪುಲಿಯನ್ನು ಲೆಕ್ಕ ಹಾಕಿಯೇ ಅಸಮತೋಲವಾಗಿ ಮಾಡಿ, ನಡುಕದ ದಿಕ್ಕನ್ನು ಎಂಜಿನ್ ಮೌಂಟ್‌ಗಳು ನುಂಗಿಕೊಳ್ಳುವ ಕಡೆಗೆ ತಿರುಗಿಸಿದ್ದಾರೆ. ಬ್ಲಾಕ್ ಬೇಗ ಬಿಸಿಯಾಗಲೆಂದು ಅಲ್ಯೂಮಿನಿಯಂ ಬಿಟ್ಟು ಎರಕದ ಕಬ್ಬಿಣಕ್ಕೆ ಮರಳಿದ್ದಾರೆ. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಪ್ರತ್ಯೇಕ ಭಾಗವಲ್ಲ, ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದ್ದು ಕೂಲಂಟ್ (ಎಂಜಿನ್ ತಣಿಸುವ ದ್ರವ) ಅದರ ಸುತ್ತ ಹರಿಯುತ್ತದೆ. ಟರ್ಬೊ ನಿಮಿಷಕ್ಕೆ 2,48,000 ಸುತ್ತಿನವರೆಗೆ, ಅಂದರೆ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ ತಿರುಗಬಲ್ಲದು. ಅಂಥ ವೇಗದಲ್ಲಿ ಅದರ ಶಾಫ್ಟ್ ತೇಲುವುದು ತೆಳ್ಳನೆಯ ಎಣ್ಣೆಯ ಪೊರೆಯ ಮೇಲೆ. ಆಯಿಲ್ ಒತ್ತಡ ಬಿದ್ದಾಗ ಬೇಗ ಪೆಟ್ಟು ತಿನ್ನುವುದೂ ಅದೇ. ಹಾಗಾಗಿ ‘ಟರ್ಬೊ ಹೋಯಿತು’ ಎಂದು ಗ್ಯಾರೇಜಿಗೆ ಬಂದ ಕಾರಿಗೆ ಹೊಸ ಟರ್ಬೊ ಹಾಕುವ ಮುನ್ನ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ ನೋಡಬೇಕು. ರೋಗ ಕೆಳಗಿದ್ದು ಮೇಲೆ ಮಾತ್ರ ಬದಲಾಯಿಸಿದರೆ ಹೊಸ ಟರ್ಬೊ ಕೂಡ ಉಳಿಯುವುದಿಲ್ಲ.

ಕೆಳಗೆ ಇರುವುದೇನು? ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನಿಂದ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟ್, ಬೆಲ್ಟ್ ಇರುವ ಹೆಚ್ಚಿನ ಇತರ ಕಾರುಗಳಲ್ಲಿ ಒಣಗಿರುತ್ತದೆ, ಹೊರಗೆ ಪ್ಲಾಸ್ಟಿಕ್ ಮುಚ್ಚಳದ ಹಿಂದೆ. ಇಲ್ಲಿ ಅದು ಎಂಜಿನ್ ಒಳಗೆ, ಬಿಸಿ ಆಯಿಲಿನಲ್ಲಿ ನೆನೆದುಕೊಂಡೇ ಓಡುತ್ತದೆ. ಗಾಜಿನ ನೂಲು ಹುದುಗಿಸಿದ, ಎಣ್ಣೆ ತಾಳುವ ವಿಶೇಷ ರಬ್ಬರಿನ ಬೆಲ್ಟ್ ಅದು. ಘರ್ಷಣೆ ಕಡಿಮೆ, ಸದ್ದು ಚೈನಿಗಿಂತ ಕಡಿಮೆ. ಪ್ರಯೋಗಾಲಯದಲ್ಲಿ, ಸರಿಯಾದ ಆಯಿಲಿನಲ್ಲಿ, ಇದು ಬಹುಕಾಲ ಬಾಳುತ್ತದೆ. ಯುರೋಪಿನಲ್ಲಿ ಫೋರ್ಡ್ ಮೊದಲು ಕೊಟ್ಟ ಅವಧಿ 10 ವರ್ಷ ಅಥವಾ 2,40,000 ಕಿ.ಮೀ.

ಆದರೆ ಕಾರಿನೊಳಗಿನ ಆಯಿಲ್ ಡಬ್ಬಿಯಲ್ಲಿದ್ದ ಹಾಗೆಯೇ ಇರುವುದಿಲ್ಲ. ಇದು ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಕ್ಕೆ ಚಿಮ್ಮಿಸುವ ಎಂಜಿನ್. ತಣ್ಣಗಿರುವಾಗ ಸ್ವಲ್ಪ ಪೆಟ್ರೋಲ್ ಆವಿಯಾಗದೆ ಸಿಲಿಂಡರ್ ಗೋಡೆಗೆ ಬಡಿದು, ಪಿಸ್ಟನ್ ರಿಂಗ್ ದಾಟಿ, ಸಂಪಿಗೆ ಇಳಿಯುತ್ತದೆ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಆಯಿಲ್ ಕಾದು ಅದು ಬಹುಪಾಲು ಆವಿಯಾಗಿ ಹೋಗುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಬರಲು ಮೂರು ಕಿಲೋಮೀಟರ್, ಸಂಜೆ ತರಕಾರಿಗೆ ಎರಡು ಕಿಲೋಮೀಟರ್ ಎಂದು ಓಡಿಸಿದರೆ ಆವಿಯಾಗಲು ಪುರಸೊತ್ತೇ ಸಿಗುವುದಿಲ್ಲ. ಪೆಟ್ರೋಲ್ ಬೆರೆತ ಆಯಿಲ್ ಬೆಲ್ಟಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಹಳಸಿ ಆಮ್ಲೀಯವಾದ ಆಯಿಲ್ ಅದೇ ರಬ್ಬರನ್ನು ಬಿರುಕು ಬಿಡಿಸುತ್ತದೆ. ಎರಡೂ ಸೇರಿದಾಗ ಅಂಚಿನಿಂದ ಚೂರು ಉದುರಲು ಶುರುವಾಗುತ್ತದೆ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುವುದರಿಂದ, ಎಥೆನಾಲ್ ಬೆರೆತ ಇಂಧನದಲ್ಲಿ ಚಿಕ್ಕ ಓಡಾಟದ ಕಾರುಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು.

ಬೆಲ್ಟ್ ಒಮ್ಮೆಲೇ ಹರಿಯುವುದಕ್ಕಿಂತ ಹೆಚ್ಚು ಕಾಡುವುದು ಈ ಚೂರುಗಳು. ಅವು ಆಯಿಲಿನೊಂದಿಗೆ ಇಳಿದು, ಸಂಪಿನ ತಳದಲ್ಲಿರುವ ಸ್ಟ್ರೈನರ್ ಜಾಲರಿಗೆ ಕಾಫಿ ಸೋಸುವ ಜರಡಿಗೆ ಚರಟ ಮೆತ್ತಿಕೊಂಡಂತೆ ಮೆತ್ತಿಕೊಳ್ಳುತ್ತವೆ. ಪಂಪ್ ಸರಿಯಿದೆ, ಆಯಿಲ್ ಮಟ್ಟವೂ ಸರಿಯಿದೆ. ಆದರೂ ಎಳೆದುಕೊಳ್ಳಲು ಆಯಿಲ್ ಸಿಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಒಮ್ಮೆ ಮಿನುಗಿ ಆರಿದರೆ ‘ಸೆನ್ಸರ್ ಇರಬೇಕು’ ಎಂದು ಸೆನ್ಸರ್ ಬದಲಿಸಿ ಕಳಿಸುವ ಗ್ಯಾರೇಜುಗಳಿವೆ. ಇದು ಅಪಾಯದ ಅಡ್ಡದಾರಿ. ಆ ಸೆನ್ಸರಿನ ಜಾಗಕ್ಕೆ ಒತ್ತಡದ ಮಾಪಕ ಜೋಡಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲ್‌ನಲ್ಲೂ (ಆಕ್ಸಿಲರೇಟರ್ ಒತ್ತದೆ ಓಡುವಾಗ) 2,000 ಆರ್‌ಪಿಎಂನಲ್ಲೂ ಅಳೆಯುವುದು ಹತ್ತು–ಹದಿನೈದು ನಿಮಿಷದ ಕೆಲಸ. ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿದರೆ ಇನ್ನೂ ಸುಲಭ. ಅಲ್ಲಿ ಕಪ್ಪು ರಬ್ಬರ್ ಪುಡಿಯೋ ನೂಲಿನ ಎಳೆಯೋ ಕಂಡರೆ ಬೆಲ್ಟ್ ಹೋಗುತ್ತಿದೆ ಎಂದೇ ಅರ್ಥ. ಇನ್ನು ಬೆಲ್ಟ್ ನಿಜವಾಗಿ ಹರಿದರೆ ಅಥವಾ ಹಲ್ಲು ಜಾರಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುತ್ತವೆ. ಆಮೇಲೆ ಉಳಿಯುವುದು ಎಂಜಿನ್ ಬಿಚ್ಚುವ ಮಾತು.

ಹಲವು ಆವೃತ್ತಿಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವುದೂ ಎಣ್ಣೆಯಲ್ಲಿ ನೆನೆದ ಇನ್ನೊಂದು ಚಿಕ್ಕ ಬೆಲ್ಟ್. ಅಮೆರಿಕದಲ್ಲಿ 2023ರ ಕೊನೆಯಲ್ಲಿ ಫೋರ್ಡ್ 2016–18ರ ಫೋಕಸ್ ಮತ್ತು 2018–22ರ ಇಕೊಸ್ಪೋರ್ಟ್ ಸೇರಿ ಸುಮಾರು 1.4 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಕಾರಣ ಈ ಚಿಕ್ಕ ಬೆಲ್ಟಿನ ಹಲ್ಲು ಸವೆಯುವುದು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ತೋಳು ಮುರಿಯುವುದು. ಪಂಪ್ ನಿಂತರೆ ಎಂಜಿನ್ ನಿಲ್ಲಬಹುದು, ಬ್ರೇಕಿಗೆ ಸಿಗುವ ನಿರ್ವಾತದ ಸಹಾಯವೂ ಕಡಿದು ಪೆಡಲ್ ಗಟ್ಟಿಯಾಗಬಹುದು. ಹೊಸ ಆವೃತ್ತಿಗಳಲ್ಲಿ ಫೋರ್ಡ್ ಕ್ಯಾಮ್‌ಶಾಫ್ಟ್‌ಗಳಿಗೆ ಚೈನ್ ಹಾಕಿತು. ಬೆಲ್ಟಿನ ಪ್ರಯೋಗದ ಬಗ್ಗೆ ಇದಕ್ಕಿಂತ ಸ್ಪಷ್ಟ ತೀರ್ಪು ಬೇಕಿಲ್ಲ ಎನ್ನಿಸುತ್ತದೆ.

ಎರಡನೆಯ ದೊಡ್ಡ ದೌರ್ಬಲ್ಯ ಕೂಲಂಟ್. ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಹೆಡ್ಡಿನ ಕಡೆಯಿಂದ ಕೂಲಂಟ್ ತೊಟ್ಟಿಗೆ ಗಾಳಿಗುಳ್ಳೆಗಳನ್ನು ಒಯ್ಯುವ ಸಣ್ಣ ಪ್ಲಾಸ್ಟಿಕ್ ಕೊಳವೆ ಬಿಸಿಗೆ ಗಡುಸಾಗಿ ಬಿರುಕು ಬಿಡುತ್ತಿತ್ತು. ಕೊಳವೆ ಬೆರಳಿನ ಗಾತ್ರದ್ದು, ಪರಿಣಾಮ ಮಾತ್ರ ಘೋರ. ಚಿಕ್ಕ ಎಂಜಿನ್ನಿನಲ್ಲಿ ಕೂಲಂಟ್ ಪ್ರಮಾಣವೇ ಕಡಿಮೆ, ಹೊಗೆಯ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಇರುವುದರಿಂದ ಅಲ್ಲಿ ಸೇರುವ ಶಾಖ ಬಹಳ. ದ್ರವ ಸೋರಿಹೋದರೆ ಅಲ್ಯೂಮಿನಿಯಂ ಹೆಡ್ ನಿಮಿಷಗಳಲ್ಲಿ ಸೊಟ್ಟಗಾಗುತ್ತದೆ. ಆರಂಭದ ಕಾರುಗಳಲ್ಲಿ ಕೂಲಂಟ್ ಮಟ್ಟ ಇಳಿದಾಗ ಎಚ್ಚರಿಸುವ ಸೆನ್ಸರ್ ಇರಲಿಲ್ಲ. ಸೂಚನೆ ಬರುವ ಹೊತ್ತಿಗೆ ಅನಾಹುತ ಆಗಿರುತ್ತಿತ್ತು. ಹಾಗಾಗಿ ವಾರಕ್ಕೊಮ್ಮೆ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ತೊಟ್ಟಿಯ ಮಟ್ಟವನ್ನು ಕಣ್ಣಾರೆ ನೋಡಬೇಕು. ಮಟ್ಟ ಇಳಿಯುತ್ತಿದ್ದರೆ ನೀರು ತುಂಬಿಸಿ ಮರೆಯುವ ಹಾಗಿಲ್ಲ. ಕೊಳವೆಯ ಕೀಲುಗಳಲ್ಲಿ ಒಣಗಿದ ಬಣ್ಣದ ಕಲೆ, ಬಾನೆಟ್ ಎತ್ತಿದಾಗ ಸಿಹಿ ವಾಸನೆ, ಇವೆರಡು ಸೋರಿಕೆಯ ಗುರುತು. ದಾರಿಯಲ್ಲಿ ಶಾಖದ ಎಚ್ಚರಿಕೆ ಬಂದರೆ ‘ಮುಂದಿನ ಪೆಟ್ರೋಲ್ ಬಂಕ್‌ವರೆಗೆ’ ಎನ್ನದೆ ಅಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ. ಮುಚ್ಚಳವನ್ನು ಪೂರ್ತಿ ತಣಿಯುವವರೆಗೆ ಮುಟ್ಟಬೇಡಿ.

ಉಳಿದವು ಇದೊಂದೇ ಎಂಜಿನ್ನಿನ ಕಾಯಿಲೆಗಳಲ್ಲ. ಇನ್‌ಟೇಕ್ ವಾಲ್ವ್‌ಗಳ ಬೆನ್ನಿಗೆ ಪೆಟ್ರೋಲ್ ತಾಗಿ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಮಸಿ ಕಟ್ಟುತ್ತದೆ. ಘಾಟಿ ಹತ್ತುವಾಗ ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂಗೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಸಾಧ್ಯತೆ ಇದೆ. ಗೇರ್ ಇಳಿಸಿ 2,500ರ ಮೇಲೆ ಹತ್ತುವುದು ಕ್ಷೇಮ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ದೋಸೆಗೆ ನಿಲ್ಲಿಸಿದಾಗ ತಕ್ಷಣ ಕೀ ತಿರುಗಿಸದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಗಟ್ಟಿಯಾಗುವುದು ತಪ್ಪುತ್ತದೆ.

ಆಯಿಲಿನ ವಿಷಯಕ್ಕೆ ಮರಳಿದರೆ: ಬೇಕಾದ್ದು 5ಡಬ್ಲ್ಯೂ–20 ಎಂಬ ದಪ್ಪದ ದರ್ಜೆಯದು, ಡಬ್ಬಿಯ ಮೇಲೆ ಫೋರ್ಡ್ ಮಾನಕ ಡಬ್ಲ್ಯೂಎಸ್‌ಎಸ್–ಎಂ2ಸಿ948–ಬಿ ಎಂದು ಅಚ್ಚಾಗಿರಬೇಕು. ಫಿಲ್ಟರ್ ಸೇರಿ ಸುಮಾರು 4.1 ಲೀಟರ್ ಹಿಡಿಯುತ್ತದೆ. ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಒಳ್ಳೆಯದು’ ಎಂಬ ಸಲಹೆ ಹಳೆಯ ಎಂಜಿನ್‌ಗಳ ಕಾಲದ್ದು, ಇಲ್ಲಿ ಸಲ್ಲದು. ಬೆಲ್ಟಿಗೆ ಮುಖ್ಯ ಆಯಿಲಿನ ದಪ್ಪವಲ್ಲ, ಅದರೊಳಗೆ ಬೆರೆಸಿದ ರಾಸಾಯನಿಕಗಳು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹತ್ತು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಓಡುವ ಎಂಜಿನ್ನಿನ ನಿಜವಾದ ದುಡಿಮೆ ಓಡೋಮೀಟರಿನಲ್ಲಿ ಕಾಣುವುದಿಲ್ಲ. ಅಂಥ ಕಾರಿಗೆ 10,000 ಕಿ.ಮೀ. ಕಾಯದೆ ಆರು ತಿಂಗಳಿಗೊಮ್ಮೆ ಅಥವಾ 7,500ಕ್ಕೆ ಬದಲಿಸುವುದು ಸರಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಅವಧಿ ನೋಡದೆ ಬದಲಿಸಿ.

ನಮ್ಮಲ್ಲಿನ ಮೊದಲ ಕಾರುಗಳು ಹತ್ತು ವರ್ಷ ದಾಟಿವೆ. ಅಂದರೆ ಕಿಲೋಮೀಟರ್ ಎಷ್ಟೇ ಇರಲಿ, ಅವುಗಳ ಬೆಲ್ಟಿನ ಗಡುವು ಮುಗಿದಿದೆ. ಬದಲಿಸುವ ಕೆಲಸ ಸಾಮಾನ್ಯ ಬೆಲ್ಟಿನದಂತಲ್ಲ. ಮುಂದಿನ ಕವರ್ ಸೀಲಂಟ್‌ನಿಂದ ಅಂಟಿರುತ್ತದೆ, ಕ್ರ್ಯಾಂಕ್ ಪುಲಿಗೆ ಜಾಗ ಹಿಡಿದಿಡುವ ಕೀಲಿ ಇಲ್ಲ, ಬೋಲ್ಟಿನ ಬಿಗಿಯೊಂದೇ ಆಧಾರ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಕಚ್ಚಿ ಹಿಡಿಯುವ ವಿಶೇಷ ಉಪಕರಣಗಳಿಲ್ಲದೆ ಕೈಹಾಕಿದರೆ ಟೈಮಿಂಗ್ ತಪ್ಪುತ್ತದೆ. ಒಮ್ಮೆ ಸಡಿಲಿಸಿದ ಆ ಬೋಲ್ಟನ್ನು ಮತ್ತೆ ಬಳಸಬಾರದು. ಬೆಲ್ಟ್ ಕಿಟ್ ಜೊತೆಗೆ ಆಯಿಲ್ ಪಂಪ್ ಬೆಲ್ಟ್ ಇದ್ದರೆ ಅದು ಮತ್ತು ಅದರ ಟೆನ್ಷನರ್, ಹೊಸ ಫಿಲ್ಟರ್, ಹೊಸ ಆಯಿಲ್ ಸೇರಲಿ. ಸಂಪ್ ಇಳಿಸಿ ಸ್ಟ್ರೈನರ್ ತೊಳೆಯುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದನ್ನು ಬಿಟ್ಟರೆ ಹಳೆಯ ಬೆಲ್ಟಿನ ಚೂರುಗಳು ಒಳಗೇ ಉಳಿಯುತ್ತವೆ. ಮುಂದೆ 1,000 ಕಿ.ಮೀ. ಓಡಿದ ಮೇಲೆ ಆಯಿಲನ್ನೂ ಫಿಲ್ಟರನ್ನೂ ಇನ್ನೊಮ್ಮೆ ಬದಲಿಸಿ, ಆ ಫಿಲ್ಟರನ್ನು ಕತ್ತರಿಸಿ ನೋಡಿ.