ಅಳುವೂ ಇಲ್ಲ, ನಗುವೂ ಇಲ್ಲ: ಖಿನ್ನತೆಯ ಮಾತ್ರೆ ಮತ್ತು ಮಂಕಾದ ಮನಸ್ಸು

ಖಿನ್ನತೆಯೇ ಇಲ್ಲದವರಿಗೆ ಖಿನ್ನತೆಯ ಮಾತ್ರೆ ಕೊಟ್ಟರೆ ಏನಾಗುತ್ತದೆ? ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಮಾಡಿ ನೋಡಿದರು. ಆರೋಗ್ಯವಾಗಿದ್ದ 66 ಜನರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಕನಿಷ್ಠ 21 ದಿನ. ಆಮೇಲೆ ಒಂದು ಆಟ ಆಡಿಸಿದರು. ಪರದೆಯ ಮೇಲೆ ಎರಡು ಆಯ್ಕೆ. ಒಂದನ್ನು ಒತ್ತಿದರೆ ಹೆಚ್ಚಿನ ಸಲ ಗೆಲುವು, ಇನ್ನೊಂದನ್ನು ಒತ್ತಿದರೆ ಹೆಚ್ಚಿನ ಸಲ ಸೋಲು. ನಡುವೆ ಹೇಳದೆ ಕೇಳದೆ ನಿಯಮ ಅದಲುಬದಲು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಾತ್ರೆ ತಗೊಂಡವರ ನೆನಪು, ಗಮನ ಎರಡೂ ಸರಿಯಾಗಿದ್ದವು. ಆದರೆ ಗೆಲುವು ಸೋಲುಗಳು ಅವರನ್ನು ಮೊದಲಿನಷ್ಟು ತಟ್ಟುತ್ತಿರಲಿಲ್ಲ.

ಈ ಪ್ರಯೋಗ ನನಗೆ ಯಾಕೆ ಇಷ್ಟ ಅಂದರೆ, ಒಂದು ಹಳೆಯ ಜಗಳಕ್ಕೆ ಇದು ಅರ್ಧ ಉತ್ತರ ಕೊಟ್ಟಿತು. 'ಈಗ ಬೇಜಾರಿಲ್ಲ ಡಾಕ್ಟ್ರೇ, ಆದ್ರೆ ಖುಷಿನೂ ಆಗಲ್ಲ' ಎಂದು ರೋಗಿ ಹೇಳಿದರೆ, ಅದು ಉಳಿದುಕೊಂಡ ಖಿನ್ನತೆಯೇ ಇರಬೇಕು ಎನ್ನುವವರು ಬಹಳ. ಕೆಲವರಲ್ಲಿ ಅದು ನಿಜವೂ ಹೌದು. ಆದರೆ ಈ 66 ಜನರಲ್ಲಿ ಉಳಿಯುವುದಕ್ಕೆ ಖಿನ್ನತೆಯೇ ಇರಲಿಲ್ಲವಲ್ಲ!

ನನ್ನ ಪರಿಚಯದ ತಾಯಿಯೊಬ್ಬರು ಹಲವು ವರ್ಷಗಳಿಂದ ಈ ಮಾತ್ರೆ ತಗೊಳ್ಳುತ್ತಿದ್ದಾರೆ. ಮಗಳ ಮದುವೆ. ಧಾರೆ ಎರೆಯುವಾಗ ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ, ಇವರು ಅಡುಗೆಯವರಿಗೆ ಎರಡನೇ ಪಂಕ್ತಿಗೆ ಎಷ್ಟು ಎಲೆ ಹಾಕಬೇಕು ಅಂತ ಹೇಳುತ್ತಿದ್ದರು. 'ಎಂಥ ಗಟ್ಟಿ ಮನಸ್ಸು' ಎಂದು ನೆಂಟರು ಹೊಗಳಿದರು. ಅವರಿಗೆ ಮಾತ್ರ ಒಳಗೊಳಗೇ ಭಯ. ನನಗೆ ಮಗಳ ಮೇಲೆ ಪ್ರೀತಿಯೇ ಇಲ್ವಾ, ಅಂತ. ಆ ಭಯವನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಲು ಅವರಿಗೆ ನಾಚಿಕೆ. ಇದೊಂದು ಅಡ್ಡಪರಿಣಾಮ ಇರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇದರ ಜೊತೆಗೇ ಬರುವ ಲೈಂಗಿಕ ನಿರಾಸಕ್ತಿಯ ಬಗ್ಗೆಯಂತೂ ನಮ್ಮಲ್ಲಿ ಗಂಡ ಹೆಂಡತಿಯೇ ಮಾತಾಡಿಕೊಳ್ಳುವುದಿಲ್ಲ.

ಈ ಮಾತ್ರೆಗಳು ಮಿದುಳಿನಲ್ಲಿ ಹೆಚ್ಚಿಸುವುದು ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು. ಅದು 'ಸಂತೋಷದ ಹಾರ್ಮೋನು' ಎಂಬ ವಾಟ್ಸಾಪ್ ವಿಜ್ಞಾನವೂ ಇಲ್ಲಿ ದಾರಿ ತಪ್ಪಿಸುತ್ತದೆ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ 1930ರ ದಶಕದಲ್ಲಿ ಈ ವಸ್ತುವನ್ನು ಮೊದಲು ಕಂಡದ್ದು ಕರುಳಿನಲ್ಲಿ. ನಮ್ಮ ದೇಹದ ಸೆರೊಟೋನಿನ್‌ನ ಸುಮಾರು 90 ಶೇಕಡಾ ಈಗಲೂ ಅಲ್ಲೇ ಇದೆ. ಬಾಳೆಹಣ್ಣಿನಲ್ಲೂ ಅದು ಉಂಟು, ಆದರೆ ತಿಂದದ್ದು ಮಿದುಳಿಗೆ ದಾಟುವುದಿಲ್ಲ. ಮಿದುಳಿನೊಳಗೆ ಅದರ ಕೆಲಸ ಹತ್ತಾರು. ಡೋಪಮೈನ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕದ ಆಟವನ್ನು ಕೆಲವು ಕಡೆ ತಗ್ಗಿಸುವುದೂ ಅದರಲ್ಲೊಂದು. 'ಇದು ಬೇಕು, ಇದು ಚೆನ್ನಾಗಿದೆ' ಎಂಬ ಸೆಳೆತ ಹುಟ್ಟುವುದರಲ್ಲಿ ಡೋಪಮೈನ್‌ಗೆ ದೊಡ್ಡ ಪಾಲು. ನೋವು ತಗ್ಗುವಾಗ ನಲಿವೂ ತಗ್ಗುವುದಕ್ಕೆ ಇದೇ ಕಾರಣ ಇರಬಹುದು ಎಂಬುದು ಸದ್ಯದ ಬಲವಾದ ಊಹೆ.

ಹಾಗಾದರೆ ಮಾತ್ರೆ ಬಿಟ್ಟುಬಿಡೋಣ ಅಂತ ಕೆಲವರು ಹೊರಡುತ್ತಾರೆ. ನನಗೆ ನಿಜಕ್ಕೂ ಆತಂಕ ಆಗುವುದು ಇಲ್ಲೇ. ಪಕ್ಕದ ಮನೆಯವರು 'ಚಟ ಹತ್ತುತ್ತೆ, ಮೊದಲು ಬಿಡಿ' ಅಂದರೆಂದು ಒಂದೇ ದಿನ ನಿಲ್ಲಿಸಿದವರಿದ್ದಾರೆ. ಹರಕೆ ಹೊತ್ತು ನಿಲ್ಲಿಸಿದವರೂ ಇದ್ದಾರೆ. ನಾಲ್ಕು ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸುಮ್ಸುಮ್ನೆ ಸಿಟ್ಟು, ಅಳು.

ಮಿದುಳಿನಲ್ಲಿ ಮಾತ್ರೆ ಕೂರುವ ಜಾಗವನ್ನು ಬಸ್ಸಿನ ಸೀಟು ಅಂದುಕೊಳ್ಳಿ. ಮೊದಲು ಹತ್ತಿದವರೆಲ್ಲ ಕೂತುಬಿಡುತ್ತಾರೆ. ಆಮೇಲೆ ಹತ್ತಿದವರು ನಿಲ್ಲಬೇಕು. ಇದೇ ಬಗೆಯ ಇನ್ನೊಂದು ಮಾತ್ರೆ ಸಿಟಾಲೊಪ್ರಾಮ್. ಅದನ್ನು 20 ಮಿಲಿಗ್ರಾಂ ತಗೊಂಡರೆ ಸುಮಾರು 80 ಶೇಕಡಾ ಸೀಟು ಭರ್ತಿ. 40ಕ್ಕೆ ಏರಿಸಿದರೆ 86ರ ಆಸುಪಾಸು, ಅಷ್ಟೇ. ಇಳಿಯುವಾಗ ಇದೇ ಲೆಕ್ಕ ತಿರುಗಿ ಬರುತ್ತದೆ. 40ರಿಂದ 20ಕ್ಕೆ ಬಂದರೆ ನಿಂತವರೇ ಹೆಚ್ಚಾಗಿ ಇಳಿಯುತ್ತಾರೆ, ಸೀಟು ಅಷ್ಟಾಗಿ ಖಾಲಿಯಾಗುವುದಿಲ್ಲ. ಐದರಿಂದ ಸೊನ್ನೆಗೆ ಬಂದರೆ ಅರ್ಧಕ್ಕಿಂತ ಜಾಸ್ತಿ ಸೀಟು ಒಮ್ಮೆಲೇ ಖಾಲಿ! 'ಇಷ್ಟು ಚಿಕ್ಕ ಡೋಸ್ ತಾನೇ' ಎಂದು ಬಿಟ್ಟ ಕೊನೆಯ ಚೂರೇ ಜಾಸ್ತಿ ಕಾಡುವುದು ಇದಕ್ಕೆ. ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದೇ ಲೆಕ್ಕದ ಮೇಲೆ, ಕೊನೆಕೊನೆಗೆ ತೀರಾ ಸಣ್ಣ ಹೆಜ್ಜೆಗಳಲ್ಲಿ ಇಳಿಯಬೇಕು ಎಂದು ಬರೆದರು. ಬ್ಲೇಡಿನಲ್ಲಿ ಮಾತ್ರೆ ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳುವ ಕೆಲಸ ಇದಲ್ಲ. ಡಾಕ್ಟರ ಜೊತೆ ಕೂತು, ತಿಂಗಳುಗಟ್ಟಲೆ ನಿಧಾನವಾಗಿ ಮಾಡಬೇಕಾದದ್ದು. ಔಷಧಿ ಔಷಧಿಗೂ ವ್ಯತ್ಯಾಸ ಇದೆ. ಫ್ಲುಆಕ್ಸೆಟಿನ್ ಮೈಯಿಂದ ಹೋಗಲು ವಾರಗಳೇ ಬೇಕು. ವೆನ್ಲಾಫಾಕ್ಸಿನ್ ಗಂಟೆಗಳಲ್ಲಿ ಇಳಿಯುತ್ತದೆ. ಒಂದು ಹೊತ್ತು ಮರೆತರೂ ಕೆಲವರಿಗೆ ಗೊತ್ತಾಗಿಬಿಡುತ್ತದೆ.

ಬಿಡಲೇಬೇಕು ಅಂತಲೂ ಇಲ್ಲ. ದೀರ್ಘಕಾಲ ಮಾತ್ರೆ ತಗೊಂಡು ಆರಾಮಾಗಿದ್ದವರ ಮೇಲೆ ಬ್ರಿಟನ್‌ನಲ್ಲಿ ನಡೆದ ಒಂದು ಅಧ್ಯಯನ 2021ರಲ್ಲಿ ಬಂತು. ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು, ಮುಂದುವರಿಸಿದವರಲ್ಲಿ 39 ಶೇಕಡಾ, ನಿಲ್ಲಿಸಿದವರಲ್ಲಿ 56 ಶೇಕಡಾ. ಎರಡೂ ಅಂಕಿಯನ್ನು ಒಟ್ಟಿಗೇ ಓದಬೇಕು. ಮಾತ್ರೆ ಕಾಪಾಡುತ್ತದೆ. ನಿಲ್ಲಿಸಿದವರೆಲ್ಲ ಬೀಳುವುದೂ ಇಲ್ಲ.

ನಡುವಿನ ದಾರಿಗಳೂ ಇವೆ. ಡೋಸ್ ಕಡಿಮೆ ಮಾಡಿದಾಗ ಮಂಕು ಕರಗಿದವರಿದ್ದಾರೆ. ಡೋಪಮೈನ್ ಕಡೆ ಕೆಲಸ ಮಾಡುವ ಬುಪ್ರೊಪಿಯಾನ್ ಎಂಬ ಬೇರೆ ಮಾತ್ರೆಗೆ ಬದಲಾಯಿಸಿ ನೋಡುವುದೂ ಉಂಟು. ಡಾಕ್ಟರ ಹತ್ತಿರ ಹೋದಾಗ 'ಪರವಾಗಿಲ್ಲ' ಅಂದು ಎದ್ದು ಬರಬೇಡಿ. ಕೊನೆಯ ಸಲ ಯಾವಾಗ ಅತ್ತಿರಿ, ಯಾವ ಹಾಡು ಈಗ ಹಿಡಿಸುತ್ತಿಲ್ಲ, ಮೊಮ್ಮಗು ಓಡಿಬಂದು ತಬ್ಬಿಕೊಂಡಾಗ ಏನನ್ನಿಸಿತು, ಹೀಗೆ ಬಿಡಿಸಿ ಹೇಳಿ. ಮಾತ್ರೆ ಶುರುವಾಗುವ ಮೊದಲು ಹೀಗಿತ್ತೋ, ಆಮೇಲೆ ಬಂತೋ ಎಂಬುದನ್ನು ತಪ್ಪದೆ ತಿಳಿಸಿ. ಖಿನ್ನತೆಯ ಮಂಕೋ ಮಾತ್ರೆಯ ಮಂಕೋ ಎಂದು ಅವರು ಊಹಿಸುವುದು ಮುಖ್ಯವಾಗಿ ಅದರಿಂದಲೇ. ಹತ್ತಿರದಲ್ಲಿ ಮನೋವೈದ್ಯರಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ಅದು ಉಚಿತ.