ಬಳೆ ಎಣಿಸುವುದು ಬಿಡಿ, ತಿರುಳು ಎಲ್ಲಿದೆ ನೋಡಿ

ಮನೆ ಕಟ್ಟಿಸುವವರು ತೊಲೆ ನೋಡಲು ಕರೆದಾಗ ನಾನು ಬಾಯಿ ತೆರೆಯುವ ಮೊದಲೇ ಈ ಮಾತು ಬರುತ್ತದೆ: "ಸರ್, ಇದು ಪ್ಲಾಂಟೇಶನ್ ಸಾಗುವಾನಿ, ಬೇಗ ಬೆಳೆದದ್ದು. ಶಕ್ತಿ ಇರಲ್ಲ ಅಲ್ವಾ?" ಕೊಯ್ದ ತುದಿಯಲ್ಲಿ ಬಳೆಗಳು, ಅಂದರೆ ಮರ ವರ್ಷಕ್ಕೊಂದರಂತೆ ಕಟ್ಟುವ ಸುತ್ತುಗಳು, ಅಗಲವಾಗಿ ಕಂಡರೆ ಸಾಕು, ತೊಲೆ ಬೇಡ.

ಪೈನ್ ಮರಕ್ಕೆ ಇದು ಬಹುಮಟ್ಟಿಗೆ ಸರಿ. ಸಾಗುವಾನಿಗೆ ಅಲ್ಲ. ಸಾಗುವಾನಿ ಪ್ರತಿ ವರ್ಷ ಮೊದಲು ದೊಡ್ಡ ರಂಧ್ರಗಳ ಒಂದು ಸಾಲು ಕಟ್ಟುತ್ತದೆ, ಆಮೇಲೆ ಒತ್ತಾದ ಮರ. ಚೆನ್ನಾಗಿ ಬೆಳೆದ ವರ್ಷವೂ ರಂಧ್ರದ ಸಾಲು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಗಲವಾಗುವುದು ಒತ್ತಾದ ಭಾಗ. ತೀರಾ ನಿಧಾನ ಬೆಳೆದ ಮರದಲ್ಲಿ ರಂಧ್ರದ ಸಾಲುಗಳೇ ಒಂದರ ಪಕ್ಕ ಒಂದು ಬಂದು ಮರ ಹಗುರಾಗುವುದೂ ಉಂಟು. ಇಷ್ಟು ಹೇಳಿದರೂ "ಕಾಡಿನದ್ದೇ ಕೊಡ್ಸಿ" ಅಂತಾರೆ. ಕೇರಳದ ನಿಲಂಬೂರಿನಲ್ಲಿ ಸಾಗುವಾನಿ ನೆಡಲು ಶುರುಮಾಡಿದ್ದು 1840ರ ದಶಕದಲ್ಲಿ. ನೀವು ಕೈಮುಗಿಯುವ ಹಳೇ ಮನೆಯ ಕಂಬವೂ ನೆಟ್ಟ ಮರದ್ದೇ ಇರಬಹುದು!

ಎಳೆ ಮರದಲ್ಲಿ ತೊಂದರೆ ಇಲ್ಲ ಅಂತಲ್ಲ, ಇದೆ. ಅದು ನಡುವಿನ ತಿರುಳಿನ ಸುತ್ತ ಇರುತ್ತದೆ. ಮರ ಚಿಕ್ಕದಿದ್ದಾಗ ಕಟ್ಟಿದ ಆ ಭಾಗ ಒಣಗುವಾಗ ಉದ್ದಕ್ಕೂ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಇಪ್ಪತ್ತು ವರ್ಷದ ದಿಮ್ಮಿಯಲ್ಲಿ ಅದರ ಪಾಲೇ ಜಾಸ್ತಿ. ಅರವತ್ತು ವರ್ಷದ್ದರಲ್ಲಿ ಅದನ್ನು ಬಿಟ್ಟು ಕೊಯ್ಯಲು ಜಾಗ ಸಿಗುತ್ತದೆ. ತೀರ್ಥಹಳ್ಳಿ ಕಡೆಯ ಒಬ್ಬರು, ಬಹಳ ಒಳ್ಳೆಯವರು, ಹಠ ಮಾತ್ರ ಸ್ವಲ್ಪ ಜಾಸ್ತಿ, ದಿಮ್ಮಿಯ ಹೊರಗಡೆಯಿಂದ ಕೊಯ್ದ, ನಾರು ನೇರವಾಗಿದ್ದ ತೊಲೆ ಬಿಟ್ಟು, ಬಳೆ ಸಣ್ಣ ಇದೆ ಅಂತ ನಡುವೆ ತಿರುಳಿದ್ದದ್ದನ್ನೇ ಎತ್ತಿಕೊಂಡು ಹೋದರು. ಬೇಸಿಗೆ ಮುಗಿಯುವುದರೊಳಗೆ ಅದು ಬಿಲ್ಲಿನ ಹಾಗೆ ಬಾಗಿತ್ತು. ಆಚಾರಿಗೆ ಬೈದರಂತೆ, ಪಾಪ.

ಗೆದ್ದಲಿನ ಮಾತು ಬೇರೆ. ಹೊರಗಿನ ಬಿಳಿ ಭಾಗ ಒಣಗಿದಾಗ ಭಾರ ಹೊರುವುದರಲ್ಲಿ ಒಳಗಿನ ಬಣ್ಣದ ಮರಕ್ಕಿಂತ, ಅಂದರೆ ಚೇಗಿಗಿಂತ, ಅಷ್ಟೇನೂ ಹಿಂದಿಲ್ಲ, ಆದರೆ ಹುಳ ಅದನ್ನು ಬಿಡುವುದಿಲ್ಲ. ಎಳೆ ಮರದಲ್ಲಿ ಬಿಳಿ ಜಾಸ್ತಿ, ಹಾಗಾಗಿ ಬಾಗಿಲ ದಾರಂದಕ್ಕೆ ಅದನ್ನು ಕೆತ್ತಿಸಿ ತೆಗೆಸಿ.

ನಾನು ಹೇಳಿದ್ದು ಸಾಗುವಾನಿಗೆ ಮಾತ್ರ. ಹಲಸಿಗೋ ಅಕೇಶಿಯಾಗೋ ಈ ಲೆಕ್ಕ ಹಚ್ಚಬೇಡಿ. ಲ್ಯಾಬ್ ರಿಪೋರ್ಟ್ ತಂದು ತೋರಿಸುವವರಿಗೂ ಒಂದು ಮಾತು. ಅಲ್ಲಿ ಮುರಿದು ನೋಡುವುದು ಗಂಟಿಲ್ಲದ ಸಣ್ಣ ತುಂಡನ್ನು, ಲೆಕ್ಕ ಕೊಡುವುದು 12% ತೇವಾಂಶಕ್ಕೆ. ನಿಮ್ಮ ತೊಲೆಯ ಅಡಿಮೈಯಲ್ಲಿ, ನಟ್ಟನಡುವೆ, ಮುಷ್ಟಿಗಾತ್ರದ ಗಂಟಿದ್ದರೆ ಆ ಅಂಕಿ ನಿಮ್ಮ ತೊಲೆಯದ್ದಲ್ಲ. ಎಂಜಿನಿಯರ್‌ಗೆ ತೊಲೆಯನ್ನೇ ತೋರಿಸಿ.