ಹುಟ್ಟಿದ ಇಸವಿ ಗೊತ್ತು, ಪ್ರಾಣಿ ಯಾವುದು? ಚೀನೀ ವರ್ಷಪ್ರಾಣಿಯ ಅಧ್ಯಯನ ಟಿಪ್ಪಣಿ

ಇದನ್ನು "ಚೀನೀ ರಾಶಿ" ಎಂದು ಕರೆಯುವ ರೂಢಿ ಇದೆ. ನಾನೂ ನೋಟ್ಸಿನಲ್ಲಿ ಹಾಗೇ ಬರೆದುಕೊಂಡು ಎರಡು ದಿನ ತಲೆ ಕೆಡಿಸಿಕೊಂಡೆ. ನಮ್ಮ ಜನ್ಮರಾಶಿ ಎಂದರೆ ಹುಟ್ಟಿದ ಹೊತ್ತಿಗೆ ಚಂದ್ರ ಎಲ್ಲಿದ್ದ ಎಂಬ ಲೆಕ್ಕ. ಎರಡೂಕಾಲು ದಿನಕ್ಕೊಮ್ಮೆ ಬದಲಾಗುತ್ತದೆ. ಚೀನೀಯರ ಪ್ರಾಣಿ ವರ್ಷಕ್ಕೆ ಇಟ್ಟ ಹೆಸರು. ಆ ವರ್ಷ ಹುಟ್ಟಿದವರಿಗೆಲ್ಲ ಒಂದೇ ಪ್ರಾಣಿ. ಎಸ್ಸೆಸ್ಸೆಲ್ಸಿಯ ಒಂದು ತರಗತಿಯನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಹೆಚ್ಚುಕಮ್ಮಿ ಎರಡೇ ಪ್ರಾಣಿ ಸಿಗುತ್ತವೆ. ಹಾಗಾಗಿ ಇದಕ್ಕೆ ನಮ್ಮಲ್ಲಿರುವ ನೆಂಟ ರಾಶಿಯಲ್ಲ, ಸಂವತ್ಸರ. ಈ ಒಂದು ಮಾತು ಹಿಡಿದುಕೊಂಡರೆ ಮುಂದಿನದು ಸಲೀಸು.

ಮೊದಲು ಲೆಕ್ಕ. ಹುಟ್ಟಿದ ಇಸವಿಯನ್ನು 12ರಿಂದ ಭಾಗಿಸಿ, ಶೇಷ ನೋಡಿ:

0 ಕೋತಿ, 1 ಹುಂಜ, 2 ನಾಯಿ, 3 ಹಂದಿ, 4 ಇಲಿ, 5 ಎತ್ತು, 6 ಹುಲಿ, 7 ಮೊಲ, 8 ಡ್ರ್ಯಾಗನ್, 9 ಹಾವು, 10 ಕುದುರೆ, 11 ಕುರಿ.

ಚೀನೀಯರ ಸರದಿ ಶುರುವಾಗುವುದು ಇಲಿಯಿಂದ, ಮುಗಿಯುವುದು ಹಂದಿಗೆ. ನಮ್ಮ ಇಸವಿಗೆ ಹೊಂದಿಸಿದ್ದರಿಂದ ಮಾತ್ರ ಇಲ್ಲಿ ಕೋತಿ ಮೊದಲು ಬಂದಿದೆ. "ಕುರಿ"ಯ ಬಗ್ಗೆ ಸಣ್ಣ ತಕರಾರು: ಚೀನೀ ಭಾಷೆಯ "ಯಾಂಗ್" ಕುರಿಗೂ ಆಗುತ್ತದೆ, ಆಡಿಗೂ ಆಗುತ್ತದೆ. ನಮ್ಮ ಕುರುಬರು ಕೇಳಿದರೆ ನಕ್ಕಾರು.

2024 ಅನ್ನು ಭಾಗಿಸಿದರೆ ಶೇಷ 8, ಡ್ರ್ಯಾಗನ್. ಇಲ್ಲಿಗೆ ಮುಗಿಯಿತು ಅಂದುಕೊಂಡವರೇ ತಪ್ಪುವುದು. ಚೀನೀ ಹೊಸ ವರ್ಷ ಜನವರಿ 1ಕ್ಕೆ ಬರುವುದಿಲ್ಲ. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಯಾವುದೋ ಅಮಾವಾಸ್ಯೆಯ ದಿನ ಬರುತ್ತದೆ. (ನಮಗೆ ಅಮಾವಾಸ್ಯೆ ಕಳೆದ ಮೇಲೆ ಪಾಡ್ಯ, ಅವರಿಗೆ ಅಮಾವಾಸ್ಯೆಯ ದಿನವೇ ತಿಂಗಳ ಮೊದಲ ದಿನ.) 1990ರಲ್ಲಿ ಅದು ಜನವರಿ 27. ಆ ವರ್ಷದ ಜನವರಿ 15ರಂದು ಹುಟ್ಟಿದವರು ಶೇಷ 10 ಬಂತೆಂದು ಕುದುರೆ ಏರಿ ಕೂತರೆ ಕೆಳಗಿಳಿಯಬೇಕಾಗುತ್ತದೆ. ಅವರು ಹಿಂದಿನ ವರ್ಷದವರು, ಹಾವು. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಆ ವರ್ಷದ ತಾರೀಖು ನೋಡದೆ ಉತ್ತರ ಬರೆಯಲೇಬಾರದು. 1984ರಲ್ಲಿ ಫೆಬ್ರವರಿ 2, 1996ರಲ್ಲಿ ಫೆಬ್ರವರಿ 19, 2000ದಲ್ಲಿ ಫೆಬ್ರವರಿ 5, 2012ರಲ್ಲಿ ಜನವರಿ 23, 2026ರಲ್ಲಿ ಫೆಬ್ರವರಿ 17.

ಗಡಿಯ ಜಗಳ ಇಷ್ಟಕ್ಕೇ ನಿಲ್ಲುವುದಿಲ್ಲ. ಜನಸಾಮಾನ್ಯರು ಹೊಸ ವರ್ಷದ ಹಬ್ಬದಿಂದ ಪ್ರಾಣಿ ಬದಲಿಸುತ್ತಾರೆ. ಜಾತಕ ಬರೆಯುವ ಚೀನೀ ಜೋಯಿಸರು ಹಲವರು "ಲಿಚುನ್" ದಿನದಿಂದ ಬದಲಿಸುತ್ತಾರೆ. ಲಿಚುನ್ ಎಂದರೆ ವಸಂತದ ಆರಂಭ, ಸೂರ್ಯನ ಲೆಕ್ಕ, ಸುಮಾರಾಗಿ ಫೆಬ್ರವರಿ 4. ನಮ್ಮಲ್ಲಿ ಚಾಂದ್ರಮಾನ ಯುಗಾದಿಯೂ ತುಳುನಾಡಿನ ಬಿಸುವೂ ಬೇರೆ ಬೇರೆ ದಿನ ಬರುತ್ತವಲ್ಲ, ಅದೇ ಕಥೆ.

ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ 1985. ಆ ವರ್ಷದ ಫೆಬ್ರವರಿ 10ರಂದು ಒಂದು ಮಗು ಹುಟ್ಟಿತು ಎನ್ನಿ. ಚೀನೀ ಹಬ್ಬ ಫೆಬ್ರವರಿ 20ಕ್ಕೆ, ಆದ್ದರಿಂದ ಮಗು ಇನ್ನೂ ಇಲಿ. ಲಿಚುನ್ ಆಗಲೇ ಕಳೆದಿದೆ, ಆದ್ದರಿಂದ ಜೋಯಿಸರ ಪ್ರಕಾರ ಎತ್ತು. ವಿಯೆಟ್ನಾಮಿನಲ್ಲಿ ಹೊಸ ವರ್ಷ, ಅಂದರೆ ತೆತ್, ಜನವರಿ 21ಕ್ಕೇ ಆಗಿಹೋಗಿತ್ತು. ಅಲ್ಲಿ ಮಗು ಎಮ್ಮೆ. ಎತ್ತಿನ ಜಾಗದಲ್ಲಿ ಅವರು ಎಮ್ಮೆಯನ್ನು ಇಟ್ಟುಕೊಂಡಿದ್ದಾರೆ, ಮೊಲದ ಜಾಗದಲ್ಲಿ ಬೆಕ್ಕನ್ನು.

ಎರಡು ದೇಶಗಳ ನಡುವೆ ಪೂರಾ ಒಂದು ತಿಂಗಳು ವ್ಯತ್ಯಾಸ ಹೇಗೆ ಬಂತು? ನಿಯಮ ಎರಡೂ ಕಡೆ ಒಂದೇ: ವರ್ಷದಲ್ಲೇ ಅತಿ ಸಣ್ಣ ಹಗಲಿನ ದಿನ ಯಾವ ಚಾಂದ್ರ ತಿಂಗಳಲ್ಲಿ ಬೀಳುತ್ತದೋ ಅದು ಹನ್ನೊಂದನೆಯ ತಿಂಗಳು. 1984ರ ಡಿಸೆಂಬರಿನಲ್ಲಿ ಆ ದಿನವನ್ನು ಗೊತ್ತುಮಾಡುವ ಕ್ಷಣ, ಅಂದರೆ ಸೂರ್ಯ ದಕ್ಷಿಣದ ತುದಿ ಮುಟ್ಟುವ ಕ್ಷಣ, ಬೀಜಿಂಗ್ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿದ ಕೂಡಲೇ ಬಂತು, ಅಂದರೆ 22ನೇ ತಾರೀಖು. ಹನೋಯಿಯ ಗಡಿಯಾರ ಒಂದು ಗಂಟೆ ಹಿಂದೆ. ಅಲ್ಲಿ ಇನ್ನೂ 21ರ ರಾತ್ರಿ. ಅಮಾವಾಸ್ಯೆ ಎರಡೂ ಕಡೆ 22ಕ್ಕೇ. ಚೀನೀಯರಿಗೆ ಆ ದಿನ ಶುರುವಾದ ತಿಂಗಳು ಹನ್ನೊಂದನೆಯದಾಯಿತು. ವಿಯೆಟ್ನಾಮಿನವರಿಗೆ ಹನ್ನೊಂದನೆಯದು ಮುಗಿದು ಹನ್ನೆರಡನೆಯದು ಹಿಡಿಯಿತು. ಒಂದು ಗಂಟೆಯ ಅಂತರಕ್ಕೆ ಒಂದು ತಿಂಗಳು ದಂಡ! ಏಕಾದಶಿ ಇವತ್ತೋ ನಾಳೆಯೋ ಎಂದು ಎರಡು ಪಂಚಾಂಗ ಹಿಡಿದು ವಾದಿಸುವವರನ್ನು ಕಂಡವರಿಗೆ ಇದು ಹೊಸದೆನಿಸದು.

ಜಪಾನಿನವರು 1873ರಲ್ಲಿ ಹೊಸ ಕ್ಯಾಲೆಂಡರಿಗೆ ಬದಲಾದ ಮೇಲೆ ಜನವರಿ 1ಕ್ಕೇ ಪ್ರಾಣಿ ಬದಲಿಸಿಬಿಡುತ್ತಾರೆ. ಅವರಿಗೆ ಶೇಷ ನೋಡಿದರೆ ಸಾಕು.

ಈಗ "ಮರದ ಡ್ರ್ಯಾಗನ್", "ಬೆಂಕಿ ಕುದುರೆ" ಎಂಬ ಹೆಸರುಗಳು. ಇದಕ್ಕೆ ಇಸವಿಯ ಕೊನೆಯ ಅಂಕೆ ಸಾಕು: 4, 5 ಮರ, 6, 7 ಬೆಂಕಿ, 8, 9 ಮಣ್ಣು, 0, 1 ಲೋಹ, 2, 3 ನೀರು. ನಮ್ಮ ಪಂಚಭೂತ ಎಂದು ಓದಿಕೊಳ್ಳಬೇಡಿ, ಇಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಹತ್ತರ ಸುತ್ತು, ಹನ್ನೆರಡರ ಸುತ್ತು ಎರಡೂ ಒಟ್ಟೊಟ್ಟಿಗೆ ಒಂದೊಂದು ಹೆಜ್ಜೆ ಇಡುತ್ತವೆ. ಹೊರಟ ಜಾಗದಲ್ಲಿ ಮತ್ತೆ ಸೇರುವುದು 60 ವರ್ಷಕ್ಕೆ. 1984 ಮರದ ಇಲಿ, ಸುತ್ತಿನ ಮೊದಲ ವರ್ಷ, ಮುಂದಿನದು 2044.

ಬೆಂಕಿ ಕುದುರೆಯ ಹೆಸರು ಜಪಾನಿನಲ್ಲಿ ಕೆಟ್ಟಿದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಎಂಬ ನಂಬಿಕೆ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿಯರಿಗೆ ಮಾವನ ಹೆಸರು ಹೇಳಿ ಕೊಟ್ಟ ಕಾಟ ನೆನಪಾಗುತ್ತದೆ. 1965ರಲ್ಲಿ ಅಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದರೆ, ಬೆಂಕಿ ಕುದುರೆಯ ವರ್ಷವಾದ 1966ರಲ್ಲಿ ಸುಮಾರು 13.6 ಲಕ್ಷ. ಅದು ಮತ್ತೆ ಬರುವುದು 2026ರಲ್ಲಿ.

60 ಎಂದ ಕೂಡಲೇ ಪ್ರಭವ, ವಿಭವ ನೆನಪಾಗಬೇಕು. ಇಲ್ಲಿಯ ಕೊಂಡಿ ನನಗೆ ಬಹಳ ಇಷ್ಟವಾದದ್ದು. ಟಿಬೆಟನ್ನರು ಇದೇ ಪ್ರಾಣಿಗಳ 60 ವರ್ಷದ ಸುತ್ತನ್ನು "ರಬ್‌ಜುಂಗ್" ಎನ್ನುತ್ತಾರೆ. ಆ ಪದ ನಮ್ಮ "ಪ್ರಭವ"ದ ಟಿಬೆಟನ್ ಅನುವಾದ! ಕಾಲಚಕ್ರ ತಂತ್ರ ಎಂಬ ಬೌದ್ಧ ಗ್ರಂಥದ ಜೊತೆ ಭಾರತದಿಂದ ಹೋದ ಲೆಕ್ಕ ಅದು. ಮೊದಲ ಸುತ್ತು 1027ರಿಂದ, ಬೆಂಕಿ ಮೊಲದ ವರ್ಷದಿಂದ. ಅಲ್ಲಿಂದ 60ರ ಹದಿನಾರು ಸುತ್ತು ಎಣಿಸಿದರೆ 1987. ಆ ವರ್ಷದ ಯುಗಾದಿಗೆ ನಮ್ಮಲ್ಲಿ ಬಂದ ಸಂವತ್ಸರ ಪ್ರಭವ. ಬೈಲಕುಪ್ಪೆಯಲ್ಲೋ ಮುಂಡಗೋಡದಲ್ಲೋ ಲೋಸರ್, ಅಂದರೆ ತಮ್ಮ ಹೊಸ ವರ್ಷ, ಆಚರಿಸುವ ಟಿಬೆಟನ್ನರ ಎಣಿಕೆಯೂ ಪಕ್ಕದ ಊರಿನ ಪುರೋಹಿತರ ಎಣಿಕೆಯೂ ಒಂದೇ ವರ್ಷದಲ್ಲಿ ಹೊಸ ಸುತ್ತು ಹಿಡಿದವು.

ಇದರಿಂದ ಒಂದು ಅಡ್ಡದಾರಿ ಸಿಗುತ್ತದೆ. ದಕ್ಷಿಣದ ಎಣಿಕೆಯಲ್ಲಿ ಪ್ರತಿ ಸಂವತ್ಸರಕ್ಕೂ ಒಂದೇ ಪ್ರಾಣಿ ಖಾಯಂ: ಪ್ರಭವ ಬೆಂಕಿ ಮೊಲ, ಶುಕ್ಲ ಮಣ್ಣಿನ ಹಾವು, ಕ್ರೋಧಿ ಮರದ ಡ್ರ್ಯಾಗನ್, ಪರಾಭವ ಬೆಂಕಿ ಕುದುರೆ. ಹುಟ್ಟಿದ ಇಸವಿ ಸರಿಯಾಗಿ ಗೊತ್ತಿಲ್ಲದ ಅಜ್ಜಿಯ ಜಾತಕದಲ್ಲಿ ಸಂವತ್ಸರದ ಹೆಸರಿದ್ದರೆ ಸಾಕು. ಮೇಲೆ ಹೇಳಿದ 1990ರ ಜನವರಿ 15ರವರ ಜಾತಕ ತೆಗೆದು ನೋಡಿ, ಶುಕ್ಲ ಎಂದೇ ಇರುತ್ತದೆ, ಹಾವು, ಸರಿಹೋಯಿತು. ಉತ್ತರ ಭಾರತದ ಸಂವತ್ಸರದ ಎಣಿಕೆ ಬೇರೆ, ಅದಕ್ಕೆ ಇದು ಒಗ್ಗುವುದಿಲ್ಲ.

ಸ್ವಭಾವ, ಹೊಂದಾಣಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ನಾಲ್ಕು ಮನೆ ದೂರದವು ಸ್ನೇಹಿತರು (ಇಲಿ, ಡ್ರ್ಯಾಗನ್, ಕೋತಿ), ಎದುರುಬದುರು ಆರನೆಯದು ವೈರಿ (ಇಲಿ, ಕುದುರೆ). ಮದುವೆಗೆ ಜಾತಕ ಕೂಡಿಸುವಾಗ ನೋಡುವ ನಮ್ಮ ಯೋನಿಕೂಟದಲ್ಲಿ ಹಾವು ಮುಂಗುಸಿ, ಬೆಕ್ಕು ಇಲಿ ಎಂದು ಕಣ್ಣಾರೆ ಕಂಡ ವೈರವನ್ನೇ ಇಟ್ಟಿದ್ದಾರೆ. ಅಲ್ಲಿಯದು ಬರೀ ವೃತ್ತದ ಲೆಕ್ಕ. ಒಂದನೇ ಶತಮಾನದ ವಾಂಗ್ ಚೊಂಗ್ ಎಂಬ ಪಂಡಿತ ಇದನ್ನೇ ಹಿಡಿದು ಕೆಣಕಿದ್ದ: ನೀರು ಬೆಂಕಿಯನ್ನು ಗೆಲ್ಲುತ್ತದೆ ಎನ್ನುತ್ತೀರಿ, ಹಾಗಾದರೆ ನೀರಿನ ಇಲಿ ಬೆಂಕಿಯ ಕುದುರೆಯನ್ನು ಯಾಕೆ ಅಟ್ಟಿಸಿಕೊಂಡು ಹೋಗುವುದಿಲ್ಲ? ಇನ್ನೂ ಹಿಂದೆ ಹೋದರೆ, ಹುಬೇ ಪ್ರಾಂತದ ಶುಯ್‌ಹುದಿಯಲ್ಲಿ 1975ರಲ್ಲಿ ಸಿಕ್ಕ ಕ್ರಿ.ಪೂ. ಮೂರನೇ ಶತಮಾನದ ಬಿದಿರಿನ ಪಟ್ಟಿಗಳಲ್ಲಿ ಈ ಪ್ರಾಣಿಗಳು ಕಳ್ಳನ ಗುರುತು ಹೇಳಲು ಬಳಕೆಯಾಗಿವೆ. ಇಲಿಯ ದಿನ ಕಳವಾದರೆ ಕಳ್ಳನದು ಚೂಪು ಬಾಯಿ, ವಿರಳ ಗಡ್ಡ. ಆ ಪಟ್ಟಿಯಲ್ಲಿ ಇಂದಿನ ಕುದುರೆಯ ಜಾಗದಲ್ಲಿ ಜಿಂಕೆ ನಿಂತಿದೆ.

ಅಭ್ಯಾಸಕ್ಕೆ ಒಂದು: 1993ರ ಜನವರಿ 25ರಂದು ಹುಟ್ಟಿದವರು ಯಾರು? ಆ ವರ್ಷ ಚೀನೀ ಹಬ್ಬ ಜನವರಿ 23ಕ್ಕೆ, ಆದ್ದರಿಂದ ಹುಂಜ. ಲಿಚುನ್ ಬಂದಿಲ್ಲ, ಜೋಯಿಸರಿಗೆ ಇನ್ನೂ ಕೋತಿ. ಯುಗಾದಿ ದೂರ ಇದೆ, ಜಾತಕದಲ್ಲಿ ಆಂಗೀರಸ, ಅದೂ ಕೋತಿ. ಅಡ್ಡದಾರಿ ಕೈಕೊಡುವುದು ಈ ಹಬ್ಬಕ್ಕೂ ಯುಗಾದಿಗೂ ನಡುವೆ ಹುಟ್ಟಿದವರಲ್ಲೇ. ಅವರು ಸಂವತ್ಸರ ಹೇಳಿದ್ದಕ್ಕೆ ಒಂದು ಪ್ರಾಣಿ ಮುಂದಕ್ಕೆ ಎಣಿಸಿಕೊಳ್ಳಬೇಕು.